ಹಿತ್ತಲ ಬಾಗಿಲಲ್ಲಿ ನಿಂತು ಕೂಗು

ಎನ್.ಆರ್. ಕಾಲೋನಿ
ಶುಕ್ರವಾರ, ೧೨ ಜುಲೈ ೨೦೨೪

ಆರೂ,

ಆಶೀರ್ವಾದ, ಕ್ಷೇಮ ಸಮಾಚಾರ ಎಲ್ಲ ಡಬ್ಬಿಯ ತಳದಲ್ಲಿದೆ, ತೊಕ್ಕಿನ ಜೊತೆ ನೆಕ್ಕಿಕೊ. ನಾನು ನೇರ ಜಗಳಕ್ಕೇ ಬರುತ್ತೇನೆ.

ಏನೇ ನಿನ್ನ ಕಥೆ? ಮೊದಲು ಮಾವಿನಕಾಯಿ ಉಪ್ಪಿನಕಾಯಿ ಎಂದೆ, ಆಮೇಲೆ ಹುಣಸೆ ತೊಕ್ಕು ಎಂದೆ, ಈಗ ನೆಲ್ಲಿಕಾಯಿ, ಹೇರಳೆಕಾಯಿ ಎರಡೂ ಬೇಕಂತೆ. ಗಾಂಧಿ ಬಜಾರಿನಲ್ಲಿ ಮಾರಕ್ಕ ನನ್ನ ಚೀಲ ನೋಡಿ, "ಟೀಚರಮ್ಮ, ಅಂಗ್ಡಿ ಇಡ್ತಿದೀರಾ?" ಎಂದು ಕೇಳಿದಳು. ನಿಮ್ಮ ಸೀಮೆಯಲ್ಲಿ ಹುಳಿ ಎನ್ನುವ ರುಚಿಯೇ ಇಲ್ಲ, ಒಪ್ಪಿದೆ. ಆದರೆ ಮದುವೆಯಾಗಿ ಎರಡು ವರ್ಷ ಸುಮ್ಮನಿದ್ದವಳಿಗೆ ಈಗೇಕೆ ಈ ಚಪಲ? ನಿಮ್ಮತ್ತೆ ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲ, ಅಷ್ಟೇ. ಹೆಸರು ಮಾತ್ರ ಬೆಣ್ಣೆ ಎಂದು ಇಟ್ಟುಕೊಂಡಿದ್ದಾರೆ!

ನಿನ್ನ ಶೀನಮಾವ ಕುಮಾರ ಪಾರ್ಕಿನಿಂದ ಬಂದಿದ್ದ. ಬರುವಾಗ ಹೊಸ ಪ್ಲಾಸ್ಟಿಕ್ ಡಬ್ಬಿ ತಂದು, "ಅಕ್ಕಾ, ಇದ್ರಲ್ಲಿ ಕಳ್ಸು, ಹಗುರ" ಎಂದ. ಹೊಸಿಲ ಮೇಲಿಟ್ಟು ಬಾಗಿಲು ಹಾಕಿ ತೆಗೆದರೆ ಡಬ್ಬಿ ಕೂತಲ್ಲೇ ಕೂತಿದೆ. ತಮ್ಮನಾದವನಿಗೆ ಎಷ್ಟು ಸಲ ಹೇಳಲಿ? ಉಳಿದ ದಿನ ಅದು ಒಗೆಯುವ ಕಲ್ಲಿನ ಕಡೆಗೆ ತೆರೆಯುವ ಹಿತ್ತಲ ಬಾಗಿಲು. ಶುಕ್ರವಾರ ಹೊಸಿಲಿಗೆ ಅರಿಶಿನ ಬಳಿದು ರಂಗೋಲಿ ಎಳೆದರೆ ಮಾತ್ರ ನಿಮ್ಮ ಸೀಮೆಗೆ ತೆರೆಯುತ್ತದೆ. ಆಗಲೂ ಹೆಸರಿಲ್ಲದ್ದನ್ನು ದಾಟಿಸುವುದಿಲ್ಲ. ಪಾತ್ರೆಯಾದರೆ ಮೇಲೆ ಹೆಸರು ಕೆತ್ತಿರಬೇಕು. ಜೀವವಿರುವುದಾದರೆ ಆ ಕಡೆ ನಿಂತವರು ಅದರ ಹೆಸರು ಹಿಡಿದು ಕೂಗಬೇಕು. ನಮ್ಮತ್ತೆ ನನಗೆ ಹೇಳಿಕೊಟ್ಟ ಶಾಸ್ತ್ರ ಇಷ್ಟೇ. ಕೊನೆಗೆ ಅವರ ಕಾಲದ ಸ್ಟೀಲ್ ಡಬ್ಬಿಗೆ ಹಾಕಿದ ಮೇಲೆ ಹೋಯಿತು.

ಗೌರಿ ಹಬ್ಬಕ್ಕೆ ಬಂದುಬಿಡು. ಈ ಸಲ ಗೌರಿ ಶುಕ್ರವಾರವೇ ಬಂದಿದ್ದಾಳೆ. ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು "ಆರಾಧನಾ, ಬಾರಮ್ಮ" ಎಂದು ಕೂಗುತ್ತೇನೆ. ತಯಾರಾಗಿರು.

ನಿನ್ನ
ದೊಡ್ಡಮ್ಮ


ಆಚೆ ಸೀಮೆ
ಶುಕ್ರವಾರ, ೧೯ ಜುಲೈ

ದೊಡ್ಡಮ್ಮಾ,

ನೆಲ್ಲಿಕಾಯಿ ತಲುಪಿತು. ಬಾಗಿಲಲ್ಲೇ ಕೂತು ಅರ್ಧ ತಿಂದೆ. ನಮ್ಮ ಮನೆಯವರು ಒಂದನ್ನು ಕಚ್ಚಿ, ಮುಖ ಹಿಂಡಿ, ಯಾರೋ ತಮಗೆ ವಿಷ ಹಾಕಿದರು ಎಂಬಂತೆ ನನ್ನನ್ನು ನೋಡಿದರು. ಹೆಸರು ಗುಡುಗು ಎಂದು ಇಟ್ಟುಕೊಂಡವರು ಒಂದು ನೆಲ್ಲಿಕಾಯಿಗೆ ಹೆದರಿಬಿಟ್ಟರು!

ನಮ್ಮತ್ತೆಯನ್ನು ಬೈಯಬೇಡಿ. ಪಾಪ, ನನ್ನನ್ನು ಕೂರಿಸಿಯೇ ಊಟ ಹಾಕುತ್ತಾರೆ. ಈಗ ಇಲ್ಲಿ ಬೇಸಿಗೆ. ಮರಗಳೆಲ್ಲ ಬೇರು ಕಿತ್ತುಕೊಂಡು ನೀರಿರುವ ಕಡೆ ನಡೆಯಲು ಶುರುಮಾಡಿವೆ. ಮರ ಮೇಯಿಸುವ ಮನೆತನ ನಮ್ಮದು, ಮನೆಯವರೆಲ್ಲ ಹಗಲೆಲ್ಲ ಅವುಗಳ ಹಿಂದೆಯೇ. ನನ್ನನ್ನು ಮಾತ್ರ ಮನೆ ನೋಡಿಕೊ ಎಂದು ಬಿಟ್ಟು ಹೋಗುತ್ತಾರೆ. ನನಗೂ ಈಗೀಗ ಸ್ವಲ್ಪ ಸುಸ್ತು, ಹಾಗಾಗಿ ಒಳ್ಳೆಯದೇ ಆಯಿತು.

ಗೌರಿ ಹಬ್ಬಕ್ಕೆ ಈ ಸಲ ಬರಲಾಗುವುದಿಲ್ಲ. ಮರಗಳ ಕೆಲಸ. ಬೇಜಾರು ಮಾಡಿಕೊಳ್ಳಬೇಡಿ. ಹುಣಸೆ ತೊಕ್ಕು ಇನ್ನೊಂದು ಡಬ್ಬಿ ಕಳಿಸುತ್ತೀರಾ?

ನಿಮ್ಮ
ಆರು


ಎನ್.ಆರ್. ಕಾಲೋನಿ
ಶುಕ್ರವಾರ, ೧೬ ಆಗಸ್ಟ್, ವರಮಹಾಲಕ್ಷ್ಮಿ ಹಬ್ಬ

ಆರೂ, ನನ್ನ ಬಂಗಾರವೇ,

ನಿನ್ನ ಕಾಗದ ಓದಿ ತಿಂಗಳು ಪೂರ್ತಿ ಮುನಿಸಿಕೊಂಡಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದರೆ ಮತ್ತೇನು? ಮನೆ ನೋಡಿಕೊಳ್ಳುವವಳಿಗೆ ಮರದ ಕೆಲಸವಂತೆ! ದೊಡ್ಡಮ್ಮ ಬೇಡವಾದಳು ಎಂದು ಇವತ್ತು ಕಳಶದ ಮುಂದೆ ಕೂತು ಗೊಣಗುತ್ತಿದ್ದೆ. ಶೀನ ಒಬ್ಬಟ್ಟು ತಿನ್ನುತ್ತಾ ಎಲೆಯಿಂದ ತಲೆಯನ್ನೂ ಎತ್ತದೆ ಹೇಳಿದ: "ಅಕ್ಕಾ, ಹುಳಿ ಬೇಕು ಅಂತಾಳೆ, ಸುಸ್ತು ಅಂತಾಳೆ, ಕೂರಿಸಿ ಊಟ ಹಾಕ್ತಾರೆ ಅಂತಾಳೆ. ನೀನು ಅವಳ ಅತ್ತೇನ ಬೈತಾ ಕೂತಿದೀಯಲ್ಲ, ಅಜ್ಜಿ ಆಗ್ತಿದೀಯ ಕಣೇ!"

ನನ್ನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅವನ ಎಲೆಯ ಮೇಲೇ ಬಿತ್ತು. ಬ್ಯಾಂಕಿನಲ್ಲಿ ಕೂತು ಜೀವ ಸವೆಸಿದ ಗಂಡಸಿಗೆ ಹೊಳೆದದ್ದು ನಿನ್ನನ್ನು ಸಾಕಿದ ನನಗೆ ಹೊಳೆಯಲಿಲ್ಲವಲ್ಲ! ನಿಜವೇನೇ? ನಿಜ ತಾನೇ? ಹುಚ್ಚುಮುಂಡೇದೇ, ನನಗೂ ಹೇಳಬಾರದಾಗಿತ್ತೇ?

ನಿನ್ನ ಅಮ್ಮ ಇದ್ದಿದ್ದರೆ ಇವತ್ತು ಕುಣಿದಾಡುತ್ತಿದ್ದಳು. ಅವಳ ಪಾಲಿನದೂ ಸೇರಿಸಿ ನಾನೇ ಅತ್ತುಬಿಟ್ಟೆ. ಚೊಚ್ಚಲ ಬಾಣಂತನ ತವರಿನಲ್ಲೇ. ಇದರಲ್ಲಿ ಮಾತೇ ಇಲ್ಲ. ಬಜೆ, ಸಾಂಬ್ರಾಣಿ, ಅಂಟಿನುಂಡೆಗೆ ಅಂಟು, ಎಲ್ಲ ಈಗಿನಿಂದಲೇ ಕೂಡಿಡುತ್ತೇನೆ. ದಿನಾ ಎಣ್ಣೆ ಒತ್ತಿ, ಹಂಡೆ ನೀರು ಹುಯ್ದು, ಹೊಗೆ ಹಾಕಿ ಮಲಗಿಸುತ್ತೇನೆ. ಏಳು ತುಂಬುತ್ತಲೂ ಬಂದುಬಿಡು.

ನಿನ್ನ
ದೊಡ್ಡಮ್ಮ


ಆಚೆ ಸೀಮೆ
ಶುಕ್ರವಾರ, ೨೩ ಆಗಸ್ಟ್

ದೊಡ್ಡಮ್ಮಾ,

ನಿಜ. ಶೀನಮಾವನಿಗೆ ನನ್ನ ಪಾಲಿನದೂ ಒಂದು ಒಬ್ಬಟ್ಟು ಹಾಕಿ.

ಯಾಕೆ ಹೇಳಲಿಲ್ಲ ಎಂದರೆ, ಹೇಳಿದ ತಕ್ಷಣ ನೀವು "ಬಾ" ಅನ್ನುತ್ತೀರಿ, ನಾನು "ಆಗಲ್ಲ" ಅನ್ನಬೇಕು. ಅದನ್ನು ಬರೆಯಲು ಕೈ ಬರಲಿಲ್ಲ. ಪಿಳ್ಳಮ್ಮನ ಕಥೆ ನೀವೇ ನನಗೆ ಹೇಳಿದ್ದು ನೆನಪಿದೆಯಲ್ಲ? ನಿಮ್ಮತ್ತೆಯವರ ಬೆಕ್ಕು. ಇಲ್ಲಿಯ ಯಾರೋ ಹೆಸರು ಹಿಡಿದು ಕೂಗಿದ್ದಕ್ಕೆ ಈ ಸೀಮೆಗೆ ಓಡಿ ಬಂದು, ಹೊಟ್ಟೆ ತುಂಬ ಮರಿಗಳನ್ನು ಹೊತ್ತು ವಾಪಸ್ ಹೊರಟಿತ್ತು. ಅವರು "ಪಿಳ್ಳಮ್ಮಾ" ಎಂದು ಕೂಗಿದರು, ಪಿಳ್ಳಮ್ಮ ದಾಟಿತು. ಮರಿಗಳಿಗೆ ಹೆಸರಿರಲಿಲ್ಲ. ಆ ಕಡೆ ಹೋದದ್ದು ಖಾಲಿ ಹೊಟ್ಟೆಯ ಬೆಕ್ಕು. ಈ ಕಡೆ ಹೊಸಿಲಲ್ಲಿ ಉಳಿದ ಮರಿಗಳಲ್ಲಿ ಒಂದೂ ಬದುಕಲಿಲ್ಲ. ಚಿಕ್ಕವಳಿದ್ದಾಗ ಆ ಕಥೆ ಕೇಳಿ ಅತ್ತಿದ್ದೆ. ಈಗ ದಿನಾ ನೆನಪಾಗುತ್ತದೆ.

ಇಲ್ಲಿಯವರು ಮಗುವಿಗೆ ಹೆಸರಿಡುವುದೇ ಇಲ್ಲ ದೊಡ್ಡಮ್ಮಾ. ಅದಕ್ಕೆ ಮಾತು ಬಂದ ಮೇಲೆ ತನಗೇನು ಇಷ್ಟವೋ ಅದನ್ನು ತಾನೇ ಇಟ್ಟುಕೊಳ್ಳುತ್ತದೆ. ಅಲ್ಲಿಯ ತನಕ ಬರೀ ಕೂಸು. ಅಂದರೆ ಇಲ್ಲಿ ಹುಟ್ಟಿದರೆ ಅದಕ್ಕೆ ಮಾತು ಬರುವ ತನಕ ನೀವು ಅದರ ಮುಖ ನೋಡುವ ಹಾಗಿಲ್ಲ, ನಾನೂ ಬಿಟ್ಟು ಬರುವ ಹಾಗಿಲ್ಲ.

ನನಗೆ ಒಂದೇ ದಾರಿ ಕಾಣುತ್ತಿದೆ. ಹೊಟ್ಟೆಯಲ್ಲಿರುವಾಗಲೇ ನೀವೊಂದು ಹೆಸರಿಟ್ಟುಬಿಡಿ. ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ಕೂಗಿ. ಇವರನ್ನು ನಾನು ಒಪ್ಪಿಸುತ್ತೇನೆ. ನನಗೆ ಭಯವಾಗುತ್ತಿದೆ. ನೀವು ಪಕ್ಕದಲ್ಲಿರಬೇಕು.

ಆರು


ಎನ್.ಆರ್. ಕಾಲೋನಿ
ಶುಕ್ರವಾರ, ೩೦ ಆಗಸ್ಟ್

ಆರಾಧನಾ,

ಹುಟ್ಟುವ ಮುಂಚೆ ಹೆಸರಿಡುವ ಮಾತು ಇನ್ನೊಂದು ಸಲ ಎತ್ತಬೇಡ. ನಾನು ಇಡುವುದಿಲ್ಲ, ನೀನೂ ಇಡಕೂಡದು. ಹೊಸಿಲ ಹತ್ತಿರವೂ ಸುಳಿಯಬೇಡ. ಡಬ್ಬಿಯನ್ನು ನಿನ್ನ ಗಂಡ ಬಂದು ತೆಗೆದುಕೊಳ್ಳಲಿ.

ತುಪ್ಪ ಕಳಿಸಿದ್ದೇನೆ. ಚೆನ್ನಾಗಿ ತಿನ್ನು.

ದೊಡ್ಡಮ್ಮ


ಆಚೆ ಸೀಮೆ
ಶುಕ್ರವಾರ, ೨೦ ಸೆಪ್ಟೆಂಬರ್

ದೊಡ್ಡಮ್ಮಾ,

ಗೌರಿ ಹಬ್ಬದ ದಿನ ಡಬ್ಬಿ ಬಂತು, ಬಾಗಿನವೂ ಇತ್ತು, ಕಾಗದ ಇರಲಿಲ್ಲ. ಅದರ ಮುಂದಿನ ವಾರ ಮೆಂತ್ಯದ ಹಿಟ್ಟು, ಕಾಗದ ಇಲ್ಲ. ಇವತ್ತು ಚಟ್ನಿಪುಡಿ. ಪುಡಿಯನ್ನೂ ಕೆದಕಿ ನೋಡಿದೆ, ಕಾಗದ ಇಲ್ಲ.

ಬೈಯಿರಿ ದೊಡ್ಡಮ್ಮಾ. ನಿಮ್ಮ ಬೈಗುಳ ತಿಂದೇ ಬೆಳೆದವಳು ನಾನು. ಸುಮ್ಮನಿರಬೇಡಿ, ಅದನ್ನು ತಡೆಯಲಾಗುವುದಿಲ್ಲ. ನಿಮ್ಮ ಶಾಸ್ತ್ರ ನನಗಿಂತ ದೊಡ್ಡದಾಯಿತೇ ಎಂದು ಒಂದು ದಿನ ಸಿಟ್ಟು ಬಂದಿತ್ತು. ಸ್ವಂತ ಮಗಳಾಗಿದ್ದರೆ ಇಷ್ಟು ಸುಲಭವಾಗಿ ಬೇಡ ಅನ್ನುತ್ತಿದ್ದರೇ ಎಂದೂ ಅನ್ನಿಸಿತು. ಬರೆಯಬಾರದಿತ್ತು, ಬರೆದುಬಿಟ್ಟೆ. ಆ ಸಾಲನ್ನು ಹೊಡೆದುಹಾಕುವುದಿಲ್ಲ.

ಇಲ್ಲೇ ಹೆರುತ್ತೇನೆ. ಅತ್ತೆ ಒಳ್ಳೆಯವರು. ಆದರೆ ಇಲ್ಲಿ ಬಾಣಂತಿಯನ್ನು ತಣ್ಣೀರು ಕೆರೆಯಲ್ಲಿ ಮುಳುಗಿಸಿ, ಮಾರನೆಯ ದಿನವೇ ಮರಗಳ ಹಿಂದೆ ಕಳಿಸುತ್ತಾರಂತೆ. ಕೇಳಿ ನಕ್ಕೆ. ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ.

ಆರು


ಎನ್.ಆರ್. ಕಾಲೋನಿ
ಶುಕ್ರವಾರ, ೧೧ ಅಕ್ಟೋಬರ್, ಆಯುಧ ಪೂಜೆ

ನನ್ನ ಕಂದಾ,

ತಣ್ಣೀರು ಕೆರೆಯೇ? ನಾನು ಬದುಕಿರುವಾಗಲೇ? ನಿಮ್ಮತ್ತೆಗೆ ಹೇಳು, ಆ ಕೆರೆಗೆ ಮೊದಲು ಅವರ ಮಗನನ್ನು ಮುಳುಗಿಸಲಿ.

ಈಗ ನಾನು ಹೇಳುವುದನ್ನು ಕೇಳು. ನಿನ್ನ ದೊಡ್ಡಪ್ಪನಿಗೂ ನನಗೂ ಮದುವೆಯಾದ ಹೊಸದರಲ್ಲಿ ನಾನು ಬಸುರಾಗಿದ್ದೆ. ನಿನಗೆ ಇದು ಗೊತ್ತಿಲ್ಲ, ಯಾರಿಗೂ ಹೇಳಿಲ್ಲ. ಹೊಟ್ಟೆಯಲ್ಲಿದ್ದ ಕೂಸಿಗೆ ಗುಟ್ಟಾಗಿ ಹೆಸರಿಟ್ಟು, ಕೆಲಸ ಮಾಡುವಾಗೆಲ್ಲ ಅದನ್ನು ಕರೆದು ಮಾತಾಡುತ್ತಿದ್ದೆ. ಕೂಸು ಉಳಿಯಲಿಲ್ಲ. ಹೆಸರು ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ. ಆ ಹೆಸರಿಗೂ ಆ ಸಾವಿಗೂ ಸಂಬಂಧವಿಲ್ಲ ಎಂದು ನನ್ನ ಬುದ್ಧಿಗೆ ಗೊತ್ತು, ಲೆಕ್ಕದ ಮೇಷ್ಟ್ರಾಗಿದ್ದವಳು ನಾನು. ಆದರೂ ನಿನ್ನ ಕಾಗದ ಓದಿ, ಹೆಸರು ಬೇಡ ಎಂದು ಬರೆದುಬಿಟ್ಟೆ. ಸರಿ, ಹೆಸರಿಟ್ಟೆವು ಎಂದೇ ಇಟ್ಟುಕೊ. ಹುಟ್ಟದ ಕೂಸಿಗೆ ಇಟ್ಟ ಹೆಸರನ್ನು ಬಾಗಿಲು ಒಪ್ಪದೇ ಹೋದರೆ? ಪರೀಕ್ಷೆ ಮಾಡಿ ನೋಡಲು ಅದೇನು ಪ್ಲಾಸ್ಟಿಕ್ ಡಬ್ಬಿಯೇ? ಸ್ವಂತ ಮಗಳಾಗಿದ್ದರೆ ಎಂದು ಕೇಳಿದೆಯಲ್ಲ. ನಿನಗಿಂತ ಸ್ವಂತದ್ದು ನನಗೆ ಇನ್ಯಾವುದಿದೆಯೇ?

ನೀನು ಬರುವ ಹಾಗಿಲ್ಲ. ಅದಕ್ಕೇ ನಾನು ಬರುತ್ತೇನೆ.

ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದರೆ, ಅರಿಶಿನ ಬಳಿದು ರಂಗೋಲಿ ಎಳೆಯುವ ಕೈ ಈ ಕಡೆ ಇದ್ದರೇ ಬಾಗಿಲು ತೆರೆಯುವುದು. ನಾನೇ ದಾಟಿಬಿಟ್ಟರೆ ವಾಪಸ್ ತೆರೆಯುವವರು ಯಾರು? ಆದ್ದರಿಂದ ಶೀನನನ್ನು ಹಿಡಿದು ಕೂರಿಸಿದೆ. ಅಯ್ಯೋ, ಆ ಪಾಡು ಯಾಕೆ ಕೇಳುತ್ತೀ! ಮೊದಲನೆಯ ದಿನ ಸ್ಕೇಲು ತಂದಿದ್ದ. ಪದ್ಮ ಬರೆಯೋ ಎಂದರೆ ಹೂಕೋಸು ಬರೆದ. ಬಾಗಿಲು ತೆಗೆದರೆ ಒಗೆಯುವ ಕಲ್ಲು. ಪ್ರತಿ ವಾರ ಅವನದನ್ನು ಅಳಿಸಿ, ನಾನು ಎಳೆದು, ನಿನಗೆ ಡಬ್ಬಿ ದಾಟಿಸುತ್ತಿದ್ದೆ. ಕಾಗದ ಬರೆದರೆ ಬಾಯಿ ಬಿಟ್ಟುಬಿಡುತ್ತೇನೆ, ಅವನ ಕೈ ಪಳಗುವ ತನಕ ನಿನಗೆ ಆಸೆ ಹುಟ್ಟಿಸಬಾರದು ಎಂದು ಸುಮ್ಮನಿದ್ದೆ. ಅದನ್ನು ನೀನು ಸಿಟ್ಟು ಎಂದುಕೊಂಡೆ.

ಇವತ್ತು ಅವನ ರಂಗೋಲಿಗೇ ಬಾಗಿಲು ತೆರೆಯಿತು. ನಿಮ್ಮ ಸೀಮೆಯ ಒಂದು ಮರ ಅವನೆದುರೇ ನಡೆದುಕೊಂಡು ಹೋಯಿತಂತೆ. ಅಲ್ಲೇ ಕುಸಿದು ಕೂತು, "ಅಕ್ಕಾ, ಒಂದು ಲೋಟ ಕಾಫಿ" ಎಂದ. ನಾನು ವಾಪಸ್ ಬರುವ ತನಕ ಇಲ್ಲೇ ಇರುತ್ತಾನೆ. ಅವನ ಎದೆಗೆ ಸ್ಟೆಂಟ್ ಹಾಕಿದೆ, ನಿನಗೂ ಗೊತ್ತು. ಅವನಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ನಾನು ನಿಮ್ಮ ಸೀಮೆಯವಳೇ ಆಗಿಬಿಡುತ್ತೇನೆ. "ಯೋಚ್ನೆ ಮಾಡಿದೀಯಾ ಅಕ್ಕಾ?" ಎಂದು ಕೇಳಿದ. ಮಾಡಿದ್ದೇನೆ. ಬಾಣಂತನ ತವರಿನಲ್ಲಿ ಆಗಬೇಕು, ಅಷ್ಟೇ ತಾನೇ? ತವರೇ ಗಂಟುಮೂಟೆ ಕಟ್ಟಿಕೊಂಡು ಬರುತ್ತದೆ.

ಇಪ್ಪತ್ತೈದಕ್ಕೆ ಒಳ್ಳೆಯ ದಿನ. ಬಾಗಿಲಿಂದ ದೂರವೇ ನಿಂತು ನನ್ನನ್ನು ಕೂಗು.

ದೊಡ್ಡಮ್ಮ


ಆಚೆ ಸೀಮೆ
ಶುಕ್ರವಾರ, ೨೫ ಅಕ್ಟೋಬರ್, ಸಂಜೆ

ದೊಡ್ಡಮ್ಮಾ,

ಏನಾಯಿತು? ಬೆಳಿಗ್ಗೆಯಿಂದ ಕಾದೆ. ಬಾಗಿಲು ತೆರೆಯಿತು, ಶೀನಮಾವನ ಕೆಮ್ಮು ಕೂಡ ಕೇಳಿಸಿತು, ನೀವು ಬರಲಿಲ್ಲ. "ದೊಡ್ಡಮ್ಮಾ, ದೊಡ್ಡಮ್ಮಾ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇವರ ಕಡೆಯವರೆಲ್ಲ ಮರಗಳನ್ನು ಬಿಟ್ಟು ಓಡಿ ಬಂದು ನನ್ನ ಜೊತೆ ನಿಂತರು. ಮಧ್ಯಾಹ್ನವಾಯಿತು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಈಗ ಡಬ್ಬಿಯ ಹೊತ್ತಿಗೆ ಮತ್ತೆ ತೆರೆದಿದೆ.

ಕೊನೆಯ ಗಳಿಗೆಯಲ್ಲಿ ಹೆದರಿದಿರಾ? ಹೆದರಿದ್ದರೆ ತಪ್ಪಿಲ್ಲ. ಶೀನಮಾವನ ಆರೋಗ್ಯ ನೋಡಿಕೊಂಡು, ಆ ಮನೆಯನ್ನೆಲ್ಲ ಬಿಟ್ಟು ಬರುವುದು ಸುಲಭವೇನಲ್ಲ. ನನಗೆ ಕೋಪ ಇಲ್ಲ, ಇದು ಆಣೆ ಮಾಡಿ ಹೇಳುವ ಮಾತು. ನೀವು ಹುಷಾರಾಗಿದ್ದೀರಿ ಎಂದು ಮಾತ್ರ ತಿಳಿಸಿ.

ಆರು


ಎನ್.ಆರ್. ಕಾಲೋನಿ
ಶುಕ್ರವಾರ, ೧ ನವೆಂಬರ್

ಆರೂ,

ಹೆದರುವುದೇ? ನಾನೇ? ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಹೆಸರು ಕೆತ್ತಿದ ಲೇಹ್ಯದ ಭರಣಿ, ಇನ್ನೊಂದರಲ್ಲಿ ಹೆಸರು ಹೊಲಿದ ಬಟ್ಟೆಯ ಗಂಟು ಹಿಡಿದು, ದೇವರಿಗೆ ಕೈಮುಗಿದು ಹೊಸಿಲು ದಾಟಿದೆ. ದಾಟಿ ಕಣ್ಣು ಬಿಟ್ಟರೆ ನಮ್ಮದೇ ಒಗೆಯುವ ಕಲ್ಲು! ಒಳಗೆ ಬಂದು ಮತ್ತೆ ದಾಟಿದೆ. ಮತ್ತೆ ಕಲ್ಲು. ಪಕ್ಕದ ಮನೆಯ ವೃಷಭೇಂದ್ರಪ್ಪನವರು ಕಾಂಪೌಂಡಿನ ಮೇಲಿಂದ, "ಏನ್ ಟೀಚರಮ್ಮ, ಹಿತ್ಲಲ್ಲೇ ಪ್ರದಕ್ಷಿಣೆ ಹಾಕ್ತಿದೀರಾ?" ಎಂದರು. ಎಲ್ಲದಕ್ಕೂ ಶೀನನ ರಂಗೋಲಿಯೇ ಕಾರಣ ಎಂದು ಅವನಿಗೆ ಸಹಸ್ರನಾಮ ಮಾಡಿದೆ. ಪಾಪ, ಮೂರು ಸಲ ಅಳಿಸಿ ಬರೆದ.

ಸಂಜೆ ನಿನ್ನ ಕಾಗದ ಬಂತು. ಓದಿ ತಲೆ ಚಚ್ಚಿಕೊಂಡೆ. ದೊಡ್ಡಮ್ಮಾ ಎಂದು ಕೂಗಿದೆಯಾ? ದೊಡ್ಡಮ್ಮ ಎನ್ನುವುದು ನನ್ನ ಹೆಸರೇನೇ? ಬಾಗಿಲಿಗೆ ಯಾರ ದೊಡ್ಡಮ್ಮ ಎಂದು ಗೊತ್ತಾಗಬೇಕು? ನಿನ್ನನ್ನು ಬೈದು ಪ್ರಯೋಜನವಿಲ್ಲ. ಹಿರಿಯರ ಹೆಸರು ಹಿಡಿಯಬಾರದು ಎಂದು ನಿನ್ನ ಬಾಯಿಗೆ ಹೊಡೆದು ಕಲಿಸಿದವಳು ನಾನೇ. ಅಷ್ಟೆಲ್ಲ ಶಾಸ್ತ್ರ ಹೇಳಿದ ನನಗೂ ಇದು ಹೊಳೆಯಲಿಲ್ಲ ನೋಡು.

ಮುಂದಿನ ಶುಕ್ರವಾರ ಮತ್ತೆ ಹೊರಡುತ್ತೇನೆ. ಈ ಸಲ ನನ್ನ ಹೆಸರು ಹಿಡಿದು ಕೂಗು. ನಾಚಬೇಡ, ಕೆನ್ನೆ ಬಡಿದುಕೊಳ್ಳಬೇಡ, "ಅವರೇ" ಸೇರಿಸಬೇಡ. ಶಾಲೆಯಲ್ಲಿ ಮೇಡಂ, ಬೀದಿಯಲ್ಲಿ ಟೀಚರಮ್ಮ, ಶೀನನಿಗೆ ಅಕ್ಕ. ನಿನ್ನ ದೊಡ್ಡಪ್ಪ ಇರುವ ತನಕ "ಇವಳೇ", "ಕೇಳಿಸ್ತಾ" ಎಂದೇ ಸಂಸಾರ ಮಾಡಿದರು. ತುಳಸಮ್ಮ ಎಂದರೂ ಬಾಗಿಲು ಬಿಡುತ್ತದೋ ಏನೋ, ಅದು ಬರೀ ಪೆನ್ಷನ್ ಪುಸ್ತಕದಲ್ಲಿರುವ ಹೆಸರು. ನನ್ನಮ್ಮ ಚಾಮರಾಜಪೇಟೆಯ ಮನೆಯಲ್ಲಿ, ನಾನು ಆಟಕ್ಕೆ ಹೋದಾಗ "ತುಳಸೀ" ಎಂದು ಕೂಗುತ್ತಿದ್ದಳು. ಅವಳು ಹೋದ ಮೇಲೆ ಆ ಹೆಸರನ್ನು ಯಾರೂ ಬಳಸಿಲ್ಲ. ಅದನ್ನೇ ಕೂಗು. ಜೋರಾಗಿ, ಏಕವಚನದಲ್ಲಿ.

ನೀರು ಕಾಯಿಸಲು ದೊಡ್ಡ ಹಂಡೆ ಇಲ್ಲದಿದ್ದರೆ ಎಲ್ಲಿಂದಾದರೂ ತರಿಸಿಡು.

ನಿನ್ನ
ದೊಡ್ಡಮ್ಮ


ಆಚೆ ಸೀಮೆ
ಶುಕ್ರವಾರ, ೧೪ ಮಾರ್ಚ್ ೨೦೨೫

ದೊಡ್ಡಮ್ಮಾ,

ನೀವು ಹೋಗಿ ಒಂದು ವಾರವಾಯಿತು, ಮನೆ ಬಿಕೋ ಎನ್ನುತ್ತಿದೆ. ಕೂಸು ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಚಾಪೆಯ ಕಡೆ ಕತ್ತು ತಿರುಗಿಸುತ್ತಾಳೆ. ಅಲ್ಲಿ ಯಾರೂ ಇಲ್ಲದ್ದನ್ನು ನೋಡಿ ನನ್ನನ್ನು ಗುರಾಯಿಸುತ್ತಾಳೆ. ಅತ್ತೆಗೆ ನಿಮ್ಮ ಬಿಸಿನೀರಿನ ರುಚಿ ಹತ್ತಿಬಿಟ್ಟಿದೆ. ನಿನ್ನೆ ತಾವೇ ಹಂಡೆಯ ಕೆಳಗೆ ಉರಿ ಹಾಕಿ, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಬಾಣಂತಿಯ ಹಾಗೆ ಮಧ್ಯಾಹ್ನದ ತನಕ ಹೊದ್ದು ಮಲಗಿದ್ದರು. ಮರಗಳು ಎಲ್ಲಿಗೆ ಹೋದವೋ ದೇವರೇ ಬಲ್ಲ.

ನಿಮ್ಮನ್ನು ವಾಪಸ್ ಕರೆಸಿಕೊಳ್ಳುವಾಗ ಶೀನಮಾವ ಏಕವಚನದಲ್ಲಿ ಕೂಗಿ, ನೀವು ದಾಟಿದ ಕೂಡಲೇ ನಿಮ್ಮ ಕಾಲಿಗೆ ಬಿದ್ದದ್ದು ಇಲ್ಲಿಂದಲೇ ಕಂಡಿತು. ಅವರ ರಂಗೋಲಿಯೂ ಕಂಡಿತು. ಅದು ಹೂಕೋಸಲ್ಲ, ಪದ್ಮವೇ. ನೀವೇ ಒಪ್ಪಿಕೊಳ್ಳಬೇಕು.

ಕೂಸು ಮಾತು ಕಲಿತು ಏನು ಹೆಸರಿಟ್ಟುಕೊಳ್ಳುತ್ತಾಳೋ ಗೊತ್ತಿಲ್ಲ. ಇಟ್ಟುಕೊಂಡ ದಿನವೇ ಬರೆಯುತ್ತೇನೆ. ನೀವು ಕೂಗಿ, ನಾವು ಬರುತ್ತೇವೆ. ಅಲ್ಲಿಯ ತನಕ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಗಟ್ಟಿಯಾಗಿರಿ. ಇದು ನನ್ನ ಆಜ್ಞೆ.

ನೀವು ಇಲ್ಲಿರುವ ತನಕ ನಿಮ್ಮ ಮುಖ ನೋಡಿಕೊಂಡು ಒಂದು ಮಾತು ಹೇಳಲಾಗಲಿಲ್ಲ. ನವೆಂಬರಿನ ಆ ಶುಕ್ರವಾರ, ಇಲ್ಲಿ ಮೈ ಕಾಯುವಷ್ಟು ಬಿಸಿಲಿತ್ತು. ನಾನು ಹೊಟ್ಟೆ ಹಿಡಿದುಕೊಂಡು ದೂರದಲ್ಲಿ ನಿಂತೆ. ಬಾಯಿ ತೆರೆದೆ, ಹೆಸರು ಹೊರಡಲಿಲ್ಲ. ಇವರು "ಕೂಗು" ಎಂದರು. ನಿಮಗೆ ಬರಲಾಗದೇ ಹೋಗುತ್ತದಲ್ಲ ಎಂದು ಭಯವಾಗಿ, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ "ತುಳಸೀ" ಎಂದು ಕೂಗಿಬಿಟ್ಟೆ.

ನೀವು ಗಂಟು, ಭರಣಿ ಎಲ್ಲ ಹೊತ್ತು ದಾಟಿ ಬಂದಿರಿ. ಬಂದವರೇ ನನ್ನನ್ನು ತಬ್ಬಿಕೊಂಡು, ಸೊರಗಿದ್ದೀಯ ಎಂದು ಬೈಯಲು ಶುರುಮಾಡಿದಿರಿ. ಅದಕ್ಕೆ ಮೊದಲು, ಹೊಸಿಲ ಮೇಲಿದ್ದಾಗ ನೀವೇನೆಂದಿರಿ ಎಂದು ನಿಮಗೆ ಗೊತ್ತೇ ಇಲ್ಲ ಎಂದು ಕಾಣುತ್ತದೆ. ಆಟದ ಮಧ್ಯೆ ಮನೆಗೆ ಓಡಿ ಬರುವ ಹುಡುಗಿಯ ದನಿ ಅದು. ನನಗೆ ಸ್ಪಷ್ಟವಾಗಿ ಕೇಳಿಸಿತು.

"ಬಂದೇ ಅಮ್ಮಾ" ಎಂದಿರಿ.

ನಿಮ್ಮ
ಆರು